ಸರ್ ಎಳೆದ ಗೆರೆ

ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಸರ್ ಹೋದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಕೈಮುಗಿದ ಚಿತ್ರಗಳದೇ ಸುರಿಮಳೆ. ಒಬ್ಬರು ‘ಜ್ಞಾನಸಾಗರ’ ಎಂದರು, ಇನ್ನೊಬ್ಬರು ‘ನಡೆದಾಡುವ ವಿಶ್ವಕೋಶ’ ಎಂದರು. ಹೀಗೆ ವಿಶ್ವಕೋಶ ಎಂದವನು ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಮೂರು ವರ್ಷ ನಿದ್ದೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂರನೆಯ ದಿನ ಗದಗಿನಿಂದ ಅದೇ ಗುಂಪಿನವರೊಬ್ಬರು ನನಗೆ ಫೋನು ಮಾಡಿದರು. ನೆನಪಿನ ಪುಸ್ತಕ ತರುತ್ತಾರಂತೆ, ನಾನೂ ಎರಡು ಪುಟ ಬರೆಯಬೇಕಂತೆ.

“ನೀವು ಅವರ ಮೆಚ್ಚಿನ ವಿದ್ಯಾರ್ಥಿ ಇದ್ರಿ ಮೇಡಂ. ಛಲೋ ನಾಕು ಮಾತು ಬರದು ಕೊಡ್ರಿ,” ಎಂದರು.

ಛಲೋ ಮಾತು ನಾಲ್ಕು ಇವೆ. ಮೊದಲು ಅವನ್ನೇ ಬರೆದು ಕೈತೊಳೆದುಕೊಳ್ಳುತ್ತೇನೆ. ಅವರು ತರಗತಿಗೆ ಒಂದು ದಿನವೂ ತಡವಾಗಿ ಬಂದವರಲ್ಲ. ಅಂಗಿಯ ಇಸ್ತ್ರಿ ಮುರಿದದ್ದನ್ನು ಯಾರೂ ನೋಡಿಲ್ಲ. ಕಪ್ಪುಹಲಗೆಯ ಮೇಲೆ ಅವರು ಬಿಡಿಸಿದ ಕಪ್ಪೆ ಈಗ ಜಿಗಿಯುತ್ತದೆಯೇನೋ ಅನ್ನಿಸುತ್ತಿತ್ತು. ನಾಲ್ಕನೆಯದು ಒಂದು ಪಾಠ. ಅದನ್ನು ಅವರು ವರ್ಷಕ್ಕೊಮ್ಮೆ, ಎರಡು ತಾಸು, ನೋಟ್ಸು ನೋಡದೆ ಮಾಡುತ್ತಿದ್ದರು. ಆ ಎರಡು ತಾಸು ಅವರು ನಿಜವಾಗಿಯೂ ಮೇಷ್ಟ್ರಾಗಿದ್ದರು. ಉಳಿದ ದಿನಗಳಲ್ಲಿ ಆ ಎರಡು ತಾಸಿನ ಬಡ್ಡಿಯ ಮೇಲೆ ಬದುಕಿದರು.

ಪಾಠ ಅನುಮಸ್ತಿಷ್ಕದ್ದು. ತಲೆಯ ಹಿಂದೆ, ಕುತ್ತಿಗೆಗೆ ಹತ್ತಿರ ಕೂತ ಪುಟ್ಟ ಮೆದುಳು ಅದು. ನಡಿಗೆಯ ಸಮತೋಲ, ಕೈಯ ಹಿಡಿತ, ಎಲ್ಲ ಅದರ ಕೆಲಸ. ಅದರೊಳಗೆ ನರಕೋಶಗಳು ಹೇಗೆ ಬೆಳೆಯುತ್ತವೆ, ಜೀನುಗಳು ಅವನ್ನು ಹೇಗೆ ನಡೆಸುತ್ತವೆ ಎಂಬುದರ ಮೇಲೆ ಸರ್ ದೂರದ ಊರೊಂದರಲ್ಲಿ ನಾಲ್ಕು ವರ್ಷ ಇಲಿಗಳ ಮೆದುಳು ಕೊಯ್ದು ಡಾಕ್ಟರೇಟ್ ತಂದಿದ್ದರು.

“ಹೊಂಬಳದ ಬಸ್ಸು ನೋಡೀರಿಲ್ಲೋ?” ಎಂದು ಶುರು ಮಾಡುತ್ತಿದ್ದರು. “ಗದಗ ಸ್ಟ್ಯಾಂಡಿನ್ಯಾಗ ಮಂದಿ ಹತ್ತತಾರ. ಯಾರು ಎಲ್ಲಿ ಇಳೀಬೇಕು ಅನ್ನೋದು ಅವರವರ ಟಿಕೀಟಿನ್ಯಾಗ ಬರದಿರ್ತೈತಿ. ನರಕೋಶನೂ ಹಂಗ. ಹುಟ್ಟೋದು ಹೊರಗಿನ ಪದರದಾಗ, ಬಾಳೇವು ಮಾಡೋದು ಒಳಗಿನ ಪದರದಾಗ. ಕೆಳಗ ಒಂದು ಸಾಲು ದೊಡ್ಡ ಕೋಶ ಕುಂತಿರ್ತಾವ, ಮನಿ ಹಿರಿಯಾರ ಕುಂತಂಗ. ‘ಇನ್ನೂ ಬೆಳೀರಿ, ಇನ್ನೂ ಬೆಳೀರಿ’ ಅಂತ ಮ್ಯಾಲಿನವಕ್ಕ ಹೇಳಿಕಳಸ್ತಾವ. ಸಾಕಷ್ಟು ಆದಮ್ಯಾಲೆ ಸಣ್ಣ ಕೋಶ ಒಂದೊಂದ ಹಗ್ಗ ಹಿಡಕೊಂಡು ಕೆಳಗ ಇಳೀತಾವ. ಆ ಹೇಳಿಕಿ, ಆ ಹಗ್ಗ, ಆ ಟಿಕೀಟು, ಎಲ್ಲಾ ಜೀನಿಂದ. ಒಂದು ಜೀನ್ ಕೆಟ್ಟಿತಂದ್ರ ಟಿಕೀಟಿನ್ಯಾಗ ಊರ ಹೆಸರ ಇರಂಗಿಲ್ಲ. ಕೋಶ ಹುಟ್ಟೇತಿ, ಎಲ್ಲಿ ಇಳೀಬೇಕು ಗೊತ್ತಿಲ್ಲ. ಅಂಥಾ ಇಲಿ ಸಾಯಂಗಿಲ್ಲ. ಉಣತೈತಿ, ಮಲಗತೈತಿ. ನಡದರ ಜೋಲಿ ಹೊಡಿತೈತಿ.”

ಇಷ್ಟು ಹೇಳಿ ಎರಡೂ ಕೈ ಎದೆಗೆ ಒತ್ತಿಕೊಂಡು ಆ ಇಲಿಯ ಹಾಗೆ ವೇದಿಕೆಯ ಈ ತುದಿಯಿಂದ ಆ ತುದಿಗೆ ಜೋಲಿ ಹೊಡೆಯುತ್ತ ನಡೆದು ತೋರಿಸುತ್ತಿದ್ದರು. ಹಿಂದಿನ ವರ್ಷದವರಿಂದ ಕೈಬದಲಾಗಿ ಬಂದ ನನ್ನ ನೋಟ್ಸಿನ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ‘ಇಲ್ಲಿ ನಗಬೇಕು’ ಎಂದು ಬರೆದಿದ್ದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ನನ್ನ ತಮ್ಮ ವೀರೇಶ ಹಾಗೆಯೇ ನಡೆಯುತ್ತಿದ್ದ.

ವೀರೇಶ ಹುಟ್ಟಿದಾಗಿನಿಂದ ಹಾಗೆ. ಚಹಾದ ಲೋಟ ಅರ್ಧ ತುಂಬಿಸಿ ಕೊಡಬೇಕು, ಬಾಯಿ ಮುಟ್ಟುವಷ್ಟರಲ್ಲಿ ಅದರಲ್ಲೂ ಅರ್ಧ ಚೆಲ್ಲುತ್ತಿತ್ತು. ನಮ್ಮದು ಮಗ್ಗದ ಮನೆ. ಉಳಿದವರೆಲ್ಲ ಎಳೆ ಹಿಡಿಯುವ ಮನೆಯಲ್ಲಿ ಅವನಿಗೆ ಎಳೆ ಸಿಗುತ್ತಿರಲಿಲ್ಲ. ಓಣಿಯಲ್ಲಿ ನಡೆದರೆ ಗೊತ್ತಿಲ್ಲದವರು “ಹಾಡಹಗಲ ಕುಡದಾನ ನೋಡು,” ಎನ್ನುತ್ತಿದ್ದರು. ಅವನಿಗೆ ಆಗ ಹದಿನಾರು.

ಸರ್ ಮುಂದುವರಿಸಿದರು. “ಜೀನು ಜೋಡಿಲೇ ಇರ್ತಾವ. ಒಂದು ಅವ್ವಂದು, ಒಂದು ಅಪ್ಪಂದು. ಒಂದು ಕೆಟ್ಟರ ಇನ್ನೊಂದು ಸಂಬಾಳಿಸ್ತೈತಿ. ಅಂಥಾ ಇಲಿ ನೆಟ್ಟಗ ನಡೀತೈತಿ, ನೋಡಿದರ ಗೊತ್ತ ಆಗಂಗಿಲ್ಲ. ಎರಡೂ ಕೆಟ್ಟರ ಮಾತ್ರ ಜೋಲಿ. ಒಂದ ಬಳಗದಾಗ ಜೋಡಿ ಮಾಡಿದರ ಎರಡು ಕೆಟ್ಟವು ಕೂಡೂ ಸಂಭವ ಹೆಚ್ಚು. ಬರಕೋರಿ, ಪರೀಕ್ಷಾದಾಗ ಬರ್ತೈತಿ.”

ಬರೆದುಕೊಂಡೆ. ನಮ್ಮ ಅವ್ವ ನಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ಆ ಸಂಜೆ ಮನೆಗೆ ಹೋಗಿ ಅವ್ವನ ಮುಖ ನೋಡಿದೆ, ಏನೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು, ಪೂರ್ತಿ ಅಂಕವೂ ಬಂತು.

ಈಗ ಉಳಿದದ್ದನ್ನು ಬರೆಯಬಹುದು.

ಡಾಕ್ಟರೇಟ್ ತಂದ ದಿನದಿಂದ ಸರ್ ತಮ್ಮ ಮೆದುಳಿಗೆ ನಿವೃತ್ತಿ ಕೊಟ್ಟಿದ್ದರು. ಆಮೇಲೆ ಮೂವತ್ತು ವರ್ಷ ಅವರು ಹೊಸದೊಂದು ಹಾಳೆ ಓದಿದ್ದನ್ನು ನಾನಂತೂ ಕಂಡಿಲ್ಲ. ಒಮ್ಮೆ ನನ್ನ ಗೆಳತಿ ಯಾವುದೋ ಮಾಸಿಕದಲ್ಲಿ ಓದಿದ್ದನ್ನು ಕೇಳಿದಳು. “ಅದು ಸಿಲೆಬಸ್ಸಿನ್ಯಾಗ ಇಲ್ಲ. ಕುಂಡ್ರು,” ಎಂದರು. ಮೆದುಳಿನ ತೆಳು ಹೋಳುಗಳನ್ನು ಅಂಟಿಸಿದ ಗಾಜಿನ ಪಟ್ಟಿಗಳ ಒಂದು ಕಟ್ಟಿಗೆಯ ಡಬ್ಬಿ ಅವರ ಕಪಾಟಿನಲ್ಲಿತ್ತು. ಕಾಲೇಜಿಗೆ ಯಾರೇ ದೊಡ್ಡವರು ಬಂದರೂ ಆ ಡಬ್ಬಿ ಹೊರಗೆ ಬರುತ್ತಿತ್ತು. ನೋಡಿದವರು “ಅಬ್ಬಾ” ಎನ್ನುತ್ತಿದ್ದರು, ಡಬ್ಬಿ ಒಳಗೆ ಹೋಗುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಈ ಕೊಡ ತುಂಬಿಯೂ ತುಳುಕುತ್ತಿತ್ತು.

ಕಾಲೇಜು ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಅವರ ದರ್ಬಾರು. ಎದುರಿಗೆ ಹಾದುಹೋಗುವವರ ನಡಿಗೆ ನೋಡಿ ತೀರ್ಪು ಕೊಡುತ್ತಿದ್ದರು. “ಅವನ ಎಡಗಾಲು ನೋಡ್ರಿ, ಅಜ್ಜನ ಕಾಲದ್ದು ಅದು.” “ಆಕಿ ಮುಂದ ಹತ್ತ ವರ್ಷಕ್ಕ ಹಿಡಕೊಂಡ ನಡೀತಾಳ.” ಆ ಹೆಂಗಸು ಅರವತ್ತು ದಾಟಿದ್ದಳು, ಹತ್ತು ವರ್ಷಕ್ಕೆ ಯಾರಾದರೂ ಹಿಡಿದುಕೊಂಡೇ ನಡೆಯುತ್ತಾರೆ. ಆದರೂ ಸುತ್ತ ಕೂತವರು ತಲೆದೂಗುತ್ತಿದ್ದರು. ಅವರದೊಂದು ಘೋಷವಾಕ್ಯವಿತ್ತು: “ನಡಿಗಿ ತೋರಸ್ರಿ, ಮನಿತನ ಹೇಳ್ತೀನಿ.”

ಈ ಮಾತು ಊರಲ್ಲಿ ಹಬ್ಬಿ ಹೆಣ್ಣು ನೋಡುವವರ ಕಿವಿಗೆ ಬಿತ್ತು. ನಮ್ಮ ಕಡೆ ಕನ್ಯೆ ನೋಡಲು ಬಂದವರು ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸುವ ಪದ್ಧತಿ ಮೊದಲಿನಿಂದ ಇತ್ತು. ಚಹಾದ ತಾಟು ಹಿಡಿದು ಬರುವುದೆಂದರೆ ಅದೇ ಪರೀಕ್ಷೆ. ಸರ್ ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿದರು. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಹೋಗುವುದು, ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುವುದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಆ ಗೆರೆಯ ಮೇಲೆ ನಡೆಯಲು ಹುಡುಗಿಗೆ ಹೇಳುವುದು. ನಡೆದಳೆಂದರೆ “ರಕ್ತ ಸ್ವಚ್ಛ ಐತಿ” ಎಂಬ ಪ್ರಮಾಣಪತ್ರ. ಒಂದು ಕೆಟ್ಟ ಜೀನು ಇದ್ದವಳು ನೆಟ್ಟಗೆ ನಡೆಯುತ್ತಾಳೆ, ನೋಡಿದರೆ ತಿಳಿಯುವುದಿಲ್ಲ ಎಂದು ನಮಗೆ ಬರೆಸಿದವರು ಇವರೇ. ಬೆಳಿಗ್ಗೆ ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಸಂಜೆ ಅದೇ ಸೀಮೆಸುಣ್ಣದಿಂದ ಅಳಿಸುತ್ತಿದ್ದರು. ಬಾಳೆಲೆ ಊಟ, ಶಾಲು, ಕಾರಿನಲ್ಲಿ ಮುಂದಿನ ಸೀಟು. ಅಷ್ಟಕ್ಕೆ ಒಂದು ವಿದ್ಯೆಯನ್ನು ಮಾರಬಹುದು ಎಂದು ನನಗೆ ತೋರಿಸಿಕೊಟ್ಟವರು ಅವರು.

ಎಲ್ಲರೂ ಮಣೆ ಹಾಕಿದರು ಎಂದಲ್ಲ. ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿ ಸಾಹೇಬರೊಬ್ಬರಿಗೆ ಯಾರೋ ಇವರ ಹೆಸರು ಹೇಳಿದರಂತೆ. ಅವರು ಕೈಮುಗಿದು, “ನಾವು ಸೊಸಿ ತರಾಕ ಹೊಂಟೀವ್ರಿ ಸರ್, ಎತ್ತು ತರಾಕ ಅಲ್ಲ,” ಎಂದರಂತೆ. ಇನ್ನೊಬ್ಬಳು ಶಿರಹಟ್ಟಿಯ ಹುಡುಗಿ. ಗೆರೆ ಎಳೆದಾದ ಮೇಲೆ ಅವಳು ಅದರ ತುದಿಗೆ ನಿಂತು, “ಮೊದಲ ವರ ನಡೀಲ್ರಿ, ಆಮ್ಯಾಲೆ ನಾನು,” ಎಂದಳು. ವರ ಎದ್ದು ನಿಂತ. ಅಷ್ಟು ಜನರ ಕಣ್ಣು ತನ್ನ ಕಾಲ ಮೇಲೆ ಬಿದ್ದದ್ದಕ್ಕೆ ಮೂರನೆಯ ಹೆಜ್ಜೆಗೇ ಗೆರೆ ಬಿಟ್ಟ. ಅವಳು ಈಗ ನಾನು ಕಲಿಸುವ ಶಾಲೆಯ ಎದುರಿಗೆ ಬಟ್ಟೆ ಅಂಗಡಿ ನಡೆಸುತ್ತಾಳೆ. ಈ ಕಥೆಯನ್ನು ಅವಳ ಬಾಯಿಂದ ಕೇಳಿದಾಗ ನಾನು ನಕ್ಕೆ, ಮನೆಗೆ ಹೋಗಿ ಅತ್ತೆ. ಅವಳು ಪ್ರಾಣಿಶಾಸ್ತ್ರದ ಒಂದು ಅಕ್ಷರ ಓದಿದವಳಲ್ಲ.

ನಮ್ಮ ಅಕ್ಕನನ್ನು ನೋಡಲು ಮುಂಡರಗಿಯ ಕಡೆಯವರು ಬಂದದ್ದು ನಾನು ಕೊನೆಯ ವರ್ಷದಲ್ಲಿದ್ದಾಗ. ಬಳಗದ ಹೊರಗಿನ ಮೊದಲ ಸಂಬಂಧ ಅದು. ಹುಡುಗ ಸರಕಾರಿ ನೌಕರಿಯಲ್ಲಿದ್ದ, ಫೋಟೋ ನೋಡಿಯೇ ಅಕ್ಕನಿಗೆ ಮನಸ್ಸಾಗಿತ್ತು. ವೀರೇಶನನ್ನು ಅಂದು ಹಿತ್ತಲ ಕೋಣೆಯಲ್ಲಿ ಕೂರಿಸಿದ್ದರು. ಮುಚ್ಚಿಡಬೇಕೆಂದೇ ಕೂರಿಸಿದ್ದರು, ಸುಳ್ಳೇಕೆ ಹೇಳಲಿ. ಬೀಗರ ಜೊತೆ ಇಸ್ತ್ರಿ ಅಂಗಿಯ ಒಬ್ಬರು ಇಳಿದರು. ನೋಡಿದರೆ ನಮ್ಮ ಸರ್.

“ಏ, ನೀ ನಮ್ಮ ವಿದ್ಯಾರ್ಥಿ ಅಲ್ಲೇನು? ನಿಮ್ಮ ಮನಿಯೇನು ಇದು?” ಎಂದರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಗೆರೆ ಎಳೆದರು.

ಅಕ್ಕ ನಡೆದಳು. ಮಗ್ಗದ ಹುರಿಗಿಂತ ನೆಟ್ಟಗೆ ನಡೆದಳು. ಸರ್ “ಭೇಷ್” ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಒಳಗೆ ಲೋಟ ಬಿದ್ದ ಸದ್ದಾಯಿತು. ನೀರಡಿಸಿದ ವೀರೇಶ ಗೋಡೆ ಹಿಡಿದುಕೊಂಡು ಪಡಸಾಲೆಯ ಬಾಗಿಲಿಗೆ ಬಂದು ನಿಂತ. ಸರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣಲ್ಲಿ ಒಂದು ಹೊಳಪು ಬಂತು. ಇಷ್ಟು ವರ್ಷ ಗಾಜಿನ ಪಟ್ಟಿಯಲ್ಲಿ ತೋರಿಸಿದ್ದು ಎದ್ದು ಎದುರಿಗೆ ನಿಂತಿತ್ತಲ್ಲ.

“ಅನುಮಸ್ತಿಷ್ಕ,” ಎಂದರು, ಬೀಗರ ಕಡೆ ತಿರುಗಿ. “ಇದು ಈ ಮನಿ ರಕ್ತದಾಗ ಐತ್ರಿ. ಜೀನು.”

ಬೀಗರು ಚಹಾ ಮುಟ್ಟಲಿಲ್ಲ. ಹುಡುಗನ ಬಳಗ ಬೇರೆ, ನಮ್ಮ ಬಳಗ ಬೇರೆ. ಅವರಿಬ್ಬರ ಮಕ್ಕಳಿಗೆ ವೀರೇಶನ ಗತಿ ಬರುವ ಸಂಭವ ತೀರ ಕಡಿಮೆ ಇತ್ತು. ಆ ಒಂದು ವಾಕ್ಯ ಹೇಳಲು ಸರ್‌ಗೆ ಅರ್ಧ ನಿಮಿಷ ಸಾಕಿತ್ತು, ಹೇಳಲಿಲ್ಲ. ಅಪ್ಪ ದಿಕ್ಕು ತೋಚದೆ ಅವರನ್ನೇ ಕೇಳಿದ.

“ಹಂಗಾರ ಹೊರಗಿನವರು ಯಾರೂ ಮಾಡಿಕೊಳ್ಳಂಗಿಲ್ಲ ಅನ್ರಿ. ನಮ್ಮವರೊಳಗ, ಆಕಿ ಸ್ವಾದರಮಾವನ ಮಗಗ ಕೊಟ್ಟಬಿಡೂದೇನ್ರಿ ಸರ?”

ಇಡೀ ಪಡಸಾಲೆ ಅವರ ಬಾಯಿ ನೋಡುತ್ತಿತ್ತು. ಸರ್ ತಾಟಿನಿಂದ ಒಂದು ಅಡಿಕೆಯ ಹೋಳು ತೆಗೆದು ಬಾಯಿಗೆ ಹಾಕಿಕೊಂಡರು. ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ, ನಿಧಾನಕ್ಕೆ ಅಗಿದರು. ತಲೆ ಒಂದಿಷ್ಟು ಅಲ್ಲಾಡಿತು. ಅಡಿಕೆ ಅಗಿಯುವವನ ತಲೆ ಅಲ್ಲಾಡಿಯೇ ಅಲ್ಲಾಡುತ್ತದೆ. ಅಪ್ಪ ಅದನ್ನು ಒಪ್ಪಿಗೆ ಎಂದುಕೊಂಡ. ಮರುದಿನ ಓಣಿಯ ತುಂಬ “ಡಾಕ್ಟರೇಟ್ ಮಾಡಿದ ಸರ್ ಹೂಂ ಅಂದಾರ” ಎಂಬ ಮಾತಾಯಿತು. ಎರಡು ತಿಂಗಳಿಗೆ ಅಕ್ಕನ ಮದುವೆ ಮಾವನ ಹಿರಿಯ ಮಗನ ಜೊತೆ ಆಯಿತು. ಸರ್ ಮದುವೆಗೂ ಬಂದು ಮೊದಲ ಪಂಕ್ತಿಯಲ್ಲಿ ಉಂಡು ಹೋದರು.

ಅಕ್ಕನಿಗೆ ಮೊದಲು ಹುಟ್ಟಿದವನು ಮಂಜು, ಅವನಿಗೆ ಏನೂ ಆಗಲಿಲ್ಲ. ಆಮೇಲೆ ಸುಮಾ. ಎರಡು ವರ್ಷ ತುಂಬಿದರೂ ಸುಮಾ ನಿಲ್ಲಲಿಲ್ಲ. ನಿಂತ ದಿನ ವೀರೇಶನ ಹಾಗೆ ನಿಂತಳು. ಅದನ್ನು ನೋಡಿ ನಾನು ನೇರವಾಗಿ ಸರ್ ಮನೆಗೆ ಹೋದೆ.

ಚಹಾ ತಂದುಕೊಟ್ಟವರು ಅವರ ಹೆಂಡತಿ. ಸರ್‌ಗೆ ಅವರು ಸ್ವಂತ ಅಕ್ಕನ ಮಗಳು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಹಳೆಯ ಫೋಟೋ ತೋರಿಸಿ, “ಇಕಿ ನಮ್ಮ ಅವ್ವ, ನಿಮ್ಮ ಸರ್ ಅಕ್ಕ,” ಎಂದು ಅವರೇ ಹೇಳಿ ಬಾಗಿಲಲ್ಲಿ ನಿಂತರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಇವರಿಗೆ ಬದನೆಕಾಯಿ ದಕ್ಕಿತ್ತು, ಮಕ್ಕಳು ಗಟ್ಟಿಮುಟ್ಟಾಗಿದ್ದರು.

ಸುಮಾಳ ವಿಷಯ ಹೇಳಿದೆ. ಅವರು ತಲೆದೂಗಿ, “ನಾ ಅವತ್ತ ಹೇಳಿದ್ದೆನಲ್ಲ, ಆ ರಕ್ತದಾಗ ಐತಿ ಅಂತ,” ಎಂದರು. ಅವರ ಮುಖದಲ್ಲಿದ್ದದ್ದು ಸಮಾಧಾನ. ಲೆಕ್ಕ ಬಿಡಿಸಿದ ವಿದ್ಯಾರ್ಥಿಯ ಸಮಾಧಾನ.

“ನಮ್ಮವರೊಳಗ ಕೊಡೂದೇನು ಅಂತ ಅಪ್ಪ ನಿಮ್ಮನ್ನ ಕೇಳಿದ್ದ, ಸರ್.”

“ನಾ ಹೂಂ ಅಂದೆನೇನು?”

“ಬ್ಯಾಡನೂ ಅನ್ನಲಿಲ್ಲ.”

ಅವರು ಬಾಗಿಲ ಕಡೆ ನೋಡಿದರು. ಹೆಂಡತಿ ಅಲ್ಲೇ ಇದ್ದರು. ದನಿ ತಗ್ಗಿಸಿ, “ಅದನ್ನ ನಾ ಯಾವ ಬಾಯಿಲೆ ಹೇಳಲಿ?” ಎಂದರು. ನನಗೆ ಅರೆಕ್ಷಣ ಅಯ್ಯೋ ಎನ್ನಿಸಿತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಮೂವತ್ತು ವರ್ಷದ ಚಹಾದಂಗಡಿಯ ತೀರ್ಪುಗಳಲ್ಲಿ ಅದೊಂದೇ ಗುರಿ ಮುಟ್ಟಿದ್ದು.

“ನೀನೂ ಅಲ್ಲೇ ಇದ್ದೆಲ್ಲ. ನಾ ಕಲಿಸಿದ್ದು ನಿನಗ ಗೊತ್ತಿತ್ತಲ್ಲ.”

ಚಹಾ ಬಿಟ್ಟು ಎದ್ದುಬಂದೆ. ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ. ಎದುರಿಗೆ ಸಿಕ್ಕರೆ ರಸ್ತೆ ದಾಟಿ ಹೋಗುತ್ತಿದ್ದೆ. ಅವರನ್ನು ಇಷ್ಟು ವರ್ಷ ಹೀಗಳೆಯಲು ನನಗೆ ಕಾರಣಗಳು ಬೇಕಾದಷ್ಟಿದ್ದವು. ಈ ಒಂದು ಮಾತನ್ನು ಮಾತ್ರ ಯಾರ ಮುಂದೆಯೂ ಹೇಳಿರಲಿಲ್ಲ.

ಅಂದು ಪಡಸಾಲೆಯಲ್ಲಿ ತಾಟು ಹಿಡಿದು ನಿಂತಿದ್ದವಳು ನಾನು. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ನನ್ನ ನೋಟ್ಸಿನಲ್ಲಿತ್ತು. ಹಿರಿಯರ ನಡುವೆ ಹುಡುಗಿ ಬಾಯಿ ಹಾಕುವುದು ಹೇಗೆ ಎಂದುಕೊಂಡೆ. ಮುಂದಿನ ವಾರ ಪ್ರಾಯೋಗಿಕ ಪರೀಕ್ಷೆಯಿತ್ತು, ಅಂಕ ಸರ್ ಕೈಯಲ್ಲಿತ್ತು, ಅದನ್ನೂ ನೆನೆದೆ. ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟರು. ಮೂರು ವರ್ಷ ಬಿಟ್ಟು ಮಾವನ ಎರಡನೆಯ ಮಗನಿಗೆ ನನ್ನನ್ನು ಕೇಳಿದಾಗ ಮಾತ್ರ ನನ್ನ ಬಾಯಿ ತೆರೆಯಿತು. ಒಲ್ಲೆ ಎಂದೆ, ಅತ್ತೆ, ಉಪವಾಸ ಬಿದ್ದೆ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವ, ಬಳಗದ ಹೊರಗಿನವರೊಬ್ಬರನ್ನು ಮದುವೆಯಾದೆ. ಸರ್ ಮಾಡಿದ ಆ ಒಳ್ಳೆಯ ಪಾಠವನ್ನು ನಾನು ನನ್ನೊಬ್ಬಳಿಗಾಗಿ ಬಳಸಿಕೊಂಡೆ.

ಎರಡು ವಾರದ ಹಿಂದೆ ಅಕ್ಕ ಶಿರಹಟ್ಟಿಗೆ ನಮ್ಮ ಮನೆಗೆ ಬಂದಿದ್ದಳು. ಸರ್ ಹೋದ ಖಬರ ಅವಳಿಗೂ ತಲುಪಿತ್ತು.

“ಎಂಥಾ ಶ್ಯಾಣ್ಯಾ ಮನಷ್ಯಾ ನೋಡು,” ಎಂದಳು. “ಸುಮಾ ಹುಟ್ಟೂಕಿಂತ ಮೊದಲ ಹೇಳಿದ್ರು, ಮನಿ ರಕ್ತದಾಗ ಐತಿ ಅಂತ. ಖರೆ ಆತು. ನೀ ಬರಿಯೂದ್ರಾಗ ಅದನ್ನ ಹಾಕು.”

ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಅಕ್ಕ ಬಂದ ಕೆಲಸ ಬೇರೆ ಇತ್ತು. ಮಂಜುಗೆ ಹೆಣ್ಣು ಗೊತ್ತು ಮಾಡಿದ್ದಾರೆ. ಕಣಗಿನಹಾಳದಲ್ಲಿರುವ, ಅಕ್ಕನ ಗಂಡನ ತಂಗಿಯ ಮಗಳು. ಸೋಮವಾರ ಮಾತುಕತೆ.

“ಸರ್ ಇದ್ದಿದ್ರ ಅವರನ್ನ ಕರಕೊಂಡು ಹೋಗ್ತಿದ್ವಿ. ಈಗ ನೀನ ಬಾ, ಅವರ ಕಡೇನ ಕಲತಾಕಿ. ನಿನ್ನ ಚೀಲದಾಗ ಖಡು ಅಂತೂ ಇದ್ದ ಇರ್ತೈತಿ. ಒಂದು ಗೆರಿ ಎಳಿ. ಹುಡುಗಿ ನೆಟ್ಟಗ ನಡದಳಂದ್ರ ಎಲಿ-ಅಡಿಕಿ ಹಿಡದಬಿಡ್ತೀವಿ. ನಮಗ ಮತ್ತೊಂದು ಸುಮಾ ಬ್ಯಾಡವಾ.”

“ನಡೀತಾಳ ಅಕ್ಕಾ,” ಎಂದೆ. “ನೀನೂ ನೆಟ್ಟಗ ನಡದಿದ್ದಿ.”

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಎಲ್ಲ ಹೇಳಿದೆ. ಹೊಂಬಳದ ಬಸ್ಸು, ಟಿಕೀಟು, ಜೋಡಿ ಜೀನು, ಒಂದೇ ಬಳಗದಲ್ಲಿ ಎರಡು ಕೆಟ್ಟವು ಕೂಡುವುದು, ಮುಂಡರಗಿಯ ಸಂಬಂಧ ಆಗಿದ್ದರೆ ಏನಾಗುತ್ತಿತ್ತು ಎಂಬುದು. ಸರ್ ಹೇಳಿದ ಮಾತುಗಳಲ್ಲೇ ಹೇಳಿದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಗದಗಿನ ಒಳ್ಳೆಯ ಡಾಕ್ಟರಿಗೆ ತೋರಿಸಿ, ಅವರು ಬರೆದುಕೊಟ್ಟಲ್ಲಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸದೆ ಆ ಮದುವೆ ಮಾತು ಎತ್ತಬೇಡಿ ಎಂದೂ ಹೇಳಿದೆ. ಅಕ್ಕ ಅಳಲಿಲ್ಲ. ಸೆರಗಿನ ತುದಿಯ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು.

“ಇದು ನಿನಗ ಅವತ್ತ ಗೊತ್ತಿತ್ತೇನು?” ಎಂದಳು.

‘ನನ್ನನ್ನ ಯಾರು ಕೇಳಿದ್ರು’ ಎಂಬ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಸರ್ ಆಗಿದ್ದರೆ ಅದನ್ನೇ ಹೇಳುತ್ತಿದ್ದರು.

“ಗೊತ್ತಿತ್ತು,” ಎಂದೆ.

ಸೋಮವಾರ ಕಣಗಿನಹಾಳಕ್ಕೆ ಯಾರೂ ಹೋಗಲಿಲ್ಲ ಎಂದು ಮಂಜು ಹೇಳಿದ. ಅಕ್ಕ ಅಂದಿನಿಂದ ನನಗೆ ಫೋನು ಮಾಡಿಲ್ಲ. ನೆನಪಿನ ಪುಸ್ತಕದವರು ಮಾತ್ರ ದಿನಾ ಮಾಡುತ್ತಾರೆ.